ಲಂಡನ್ನಿನ ಲಿಂಡಾ

ಕೋಡಿಂಬಾಳ

ಮೋಳೇ, ನನ್ನ ಮಗಳೇ ಲಿನ್ಸಿ,

ಫೋನಿನಲ್ಲಾದರೆ ಬೈಗುಳವೇ ಬಂದೀತೆಂದು ಬರೆಯುತ್ತಿದ್ದೇನೆ. ವಿಯೆಟ್ನಾಮಿನ ನಿನ್ನ ಶಾಲೆಯ ವಿಡಿಯೊವನ್ನು ನೆರೆಮನೆಯ ಟೋಣಿ ತೋರಿಸಿದ. ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೋದವಳು, "ನಾನು ಲಂಡನ್ನಿನ ಲಿಂಡಾ" ಎಂದು ನಗುತ್ತಿದ್ದೀ. "ಲಂಡನ್ನಿನವರು ಅಂದರೇ ಅಲ್ಲಿ ಕೆಲಸ ಸಿಗುದು, ಎಲ್ಲರೂ ಹಾಗೇ ಹೇಳುದು ಮಾರಾಯ್ರೆ" ಎಂದ ಟೋಣಿ. ಬಾಯಲ್ಲಿದ್ದ ಮರಗೆಣಸನ್ನು ಅಂಗಳಕ್ಕೆ ಉಗಿದು ಬಂದೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಇದಕ್ಕೊಂದು ಶಬ್ದ ಉಂಟು, ನೆನಪಾಗುವುದಿಲ್ಲ, 'ಶೇಮ್‌ಫುಲ್' ಸಾಲದು.

ತನ್ನ ಅತ್ತೆಯ ಹತ್ತಿರ ಜಗಳವಾಡಿ ನಿನಗೆ ಲಿನ್ಸಿ ಎಂದು ಹೆಸರಿಟ್ಟವಳು ನಿನ್ನ ಅಮ್ಮ. ಮುಂದಿನ ತಿಂಗಳು ಅವಳು ತೀರಿಹೋದ ವರ್ಷದ ಪೂಜೆ. ಇಗರ್ಜಿಯಲ್ಲಿ ಓದಲು ಫಾದರ್ ಮಕ್ಕಳ ಹೆಸರು ಕೇಳಿದ್ದಾರೆ. ನಿನ್ನ ತಮ್ಮ ಜೋಬಿಯದು ಮಾತ್ರ ಕೊಟ್ಟಿದ್ದೇನೆ. ನನ್ನ ಸಿಸಿಲಿಗೆ ಲಿಂಡಾ ಎಂಬ ಮಗಳಿರಲಿಲ್ಲ.

ಮೊದಲು ಆ ಮಕ್ಕಳಿಗೆ ನಿಜ ಹೆಸರು ಹೇಳು, ಮತ್ತೆ ನನಗೆ ಫೋನ್ ಮಾಡು. ಫಾದರಿಗೆ ಕಾಯಲು ಹೇಳಿದ್ದೇನೆ.

ಲಿನ್ಸಿಯ ಪಪ್ಪ,
ಸೇವ್ಯರ್