ಫಾರಮ್ಮಿನಲ್ಲಿಲ್ಲದ ಪ್ರಶ್ನೆ

ತಂಗೀ,

ನಿನ್ನ ನೋವಿನ ಮಾತ್ರೆಯ ಚಟ ಬಿಡಿಸಲು ಹೋಗುತ್ತಿದ್ದೆವಲ್ಲ, ಆ ಕೇಂದ್ರದಲ್ಲಿ ರೋಗಿಗಳೂ ಮನೆಯವರೂ ಸೇರುವ ಸಭೆಗೆ ಇವತ್ತು ಹೋಗಿದ್ದೆ. ಹನ್ನೊಂದು ವರ್ಷವಾದರೂ ಅದೇ ಫಾರಂ: 'ಹಳೆಯ ಗೆಳೆಯರ ಸಹವಾಸ ಬಿಟ್ಟಿದ್ದಾನೆಯೇ?'

ಲಾಂಡ್ರಿಯಲ್ಲಿ ದುಡಿಯುವ ಹೆಂಗಸೊಬ್ಬಳು, "ನಂಗೆ ಗೆಳೆಯರೇ ಇಲ್ಲ. ಅತ್ತೆ ಇದ್ದಾರೆ, ಅವರ ಸಹವಾಸ ಬಿಡ್ಬಹುದಾ?" ಎಂದಳು. ಎಲ್ಲರೂ ನಕ್ಕರು. ನನಗೆ ರೇಗಿತು. ಒತ್ತಡವು ಹೆಂಗಸರನ್ನು ಮತ್ತೆ ಮಾತ್ರೆಯತ್ತ ತಳ್ಳುವ ಬಗೆ ಗಂಡಸರಿಗಿಂತ ಬೇರೆಯಿರಬಹುದೆಂದು ನಾನು ಎಷ್ಟೋ ಓದಿದ್ದೇನೆ, ನೀನು ತೀರಿಹೋದ ಮೇಲೆ. ಫಾರಮ್ಮಿಗೆ ಮಾತ್ರ ರೋಗಿ ಇನ್ನೂ 'ಅವನು'.

ನೀನು ಅಂದು ಪ್ರತಿ 'ದ್ದಾನೆ'ಯನ್ನೂ ಪೆನ್ನಿನಲ್ಲಿ 'ದ್ದಾಳೆ' ಮಾಡಿ, "ಅಣ್ಣಾ, ಮನೇಲಿ ಕೂಗಾಡೋರು ಯಾರು ಅಂತ ಇದ್ರಲ್ಲಿ ಕೇಳೇ ಇಲ್ವಲ್ಲ" ಎಂದಿದ್ದೆ. "ಇರೋದಕ್ಕೆ ಉತ್ತರ ಬರಿ!" ಎಂದು ನಾನು ಅಂದದ್ದು ಇಡೀ ಹಜಾರಕ್ಕೆ ಕೇಳಿಸಿತ್ತು. ಆಗ ನೀನು ನಮ್ಮ ಮನೆಯಲ್ಲೇ ಇದ್ದೆ, ಮಾತ್ರೆ ಬಿಟ್ಟು ಐದು ತಿಂಗಳಾಗಿತ್ತು. ಆ ವಾರವೇ ಮತ್ತೆ ಶುರುವಾಯಿತು.

ಇವತ್ತು ಕೌನ್ಸೆಲರ್ ಜೊತೆ ವಾದಿಸಿ ಗೆದ್ದೆ. ನಿನ್ನ ಪ್ರಶ್ನೆಯನ್ನು ಸೇರಿಸಲು ಒಪ್ಪಿದರು. "ನೀವೇ ಓದಿಬಿಡಿ, ನಿಮ್ಮ ಗಂಟಲು ಗಟ್ಟಿ ಇದೆ" ಎಂದರು.

ಪ್ರಶ್ನೆ ಬರೆದ ಹಾಳೆ ಹಿಡಿದು ಎದ್ದು ನಿಂತೆ. 'ಮನೆಯಲ್ಲಿ ಕೂಗಾಡುವವರು' ಎಂಬಲ್ಲಿಗೇ ನನ್ನ ಓದು ನಿಂತಿತು. ಲಾಂಡ್ರಿಯ ಹೆಂಗಸು ಕಾದು ಕಾದು, ಕೊನೆಗೆ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ತಾನೇ ಓದಿದಳು.

ನಿನ್ನ ಅಣ್ಣ