ಸೀತಕ್ಕನ ಚೀಲ, ನನ್ನ ಮೆಷಿನ್

12-2-2007, ಸೋಮವಾರ

ಶಿವಮೊಗ್ಗದಿಂದ ಈಗಷ್ಟೇ ಕೊಪ್ಪಕ್ಕೆ ಬಂದೆವು. ಡಯಾಲಿಸಿಸ್ಸಿನ ಕೊನೆಯಲ್ಲಿ ಬಿಪಿ ಇಳಿದು ಕಾಲು ಸೆಟೆದುಕೊಂಡಿತು. ದಾರಿಯುದ್ದಕ್ಕೂ ಇವರ ಹೆಗಲಿಗೆ ಒರಗಿಯೇ ಇದ್ದೆ. ಹೊಲಿಯಬೇಕಿದ್ದ ರವಿಕೆಗಳು ಹಾಗೇ ಬಿದ್ದಿವೆ.

ಅಡ್ಡಗದ್ದೆಯಿಂದ ಗೆಳತಿ ಸೀತಕ್ಕನ ಫೋನು. ನಮ್ಮಿಬ್ಬರ ಕಿಡ್ನಿಯೂ ಒಂದೇ ತಿಂಗಳು ಕೈಕೊಟ್ಟಿದ್ದು. ಡಾಕ್ಟರು ಎರಡು ದಾರಿ ಹೇಳಿದ್ದರು — ವಾರಕ್ಕೆರಡು ಸಲ ಆಸ್ಪತ್ರೆಗೆ ಬಂದು ಮೆಷಿನ್ನಿನಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳುವುದು, ಇಲ್ಲವೇ ಹೊಟ್ಟೆಗೆ ಟ್ಯೂಬ್ ಹಾಕಿಸಿಕೊಂಡು ಮನೆಯಲ್ಲೇ ದಿನವೂ ಚೀಲದ ನೀರು ತುಂಬಿ, ಇಳಿಸುವುದು. ಹೆದರಿ ಮೆಷಿನ್ ಎಂದೆ. ಅವಳು ಚೀಲ ಎಂದಳು.

“ಇವತ್ತು ಗದ್ದೆ ಕಡೆ ಹೋಗಿ ಬಂದೆ ಮಾರಾಯ್ತಿ. ನೀನೆಂತ ಮಾಡ್ದೆ?”

ಮಲಗಿದ್ದೆ ಎಂದೆ.

4-3-2007, ಭಾನುವಾರ

ಅಡ್ಡಗದ್ದೆಗೆ ಹೋಗಿದ್ದೆವು. ಚೀಲದ ಕೆಲಸವೆಲ್ಲ ಮಾಡುವುದು ಸೀತಕ್ಕನ ಗಂಡ ಪುಟ್ಟಪ್ಪಣ್ಣ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬಾಯಿಗೆ ಬಟ್ಟೆ ಕಟ್ಟಿ, ಸೋಪು ಹಚ್ಚಿ ಮೊಣಕೈವರೆಗೂ ಕೈ ತೊಳೆದರು. ಹಳೇ ನೀರು ಇಳಿಯಿತು, ಹೊಸದು ಏರಿತು. ಅಷ್ಟು ಹೊತ್ತೂ ಸೀತಕ್ಕ ತಂಗಿ ಮಗಳ ಮದುವೆ ಕಥೆ ಹೇಳುತ್ತಿದ್ದಳು.

“ಇಷ್ಟೇನಾ?”

“ಇಷ್ಟೇ. ನೀನೂ ಚೀಲಕ್ಕೆ ಬಾರೇ.”

ಇಷ್ಟಕ್ಕೆ ಹೆದರಿದ್ದೆನೇ…

19-3-2007

ಡಾಕ್ಟರು ಒಪ್ಪಿದರು. ಏಪ್ರಿಲ್ ಮೊದಲ ವಾರ ಟ್ಯೂಬ್. ಸೀತಕ್ಕನಿಗೆ ನನಗಿಂತ ಖುಷಿ.

27-3-2007, ಮಂಗಳವಾರ

ಬೆಳಿಗ್ಗೆ ಪುಟ್ಟಪ್ಪಣ್ಣನ ಫೋನು. ಇಳಿದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬಂತಂತೆ. ಜ್ವರ, ಹೊಟ್ಟೆನೋವು. ಸೋಂಕು. “ನಾನು ಕೈ ಸರೀ ತೊಳ್ದಿದ್ನಲ್ಲ, ನೀವೇ ನೋಡಿದ್ರಲ್ಲ,” ಅದನ್ನೇ ಹೇಳುತ್ತಿದ್ದರು.

5-4-2007, ಗುರುವಾರ

ಔಷಧಿಗೆ ಬಗ್ಗಲಿಲ್ಲ. ಅವಳ ಟ್ಯೂಬ್ ತೆಗೆದುಬಿಟ್ಟಿದ್ದಾರೆ. ಇವತ್ತು ನನ್ನ ಪಕ್ಕದ ಮಂಚದಲ್ಲಿ, ಮೆಷಿನ್ನಿಗೆ — ಸೀತಕ್ಕ. ಗುರುತೇ ಸಿಗಲಿಲ್ಲ. ನನ್ನ ಟ್ಯೂಬಿನ ಆಪರೇಷನ್ ಸದ್ಯಕ್ಕೆ ಬೇಡವೆಂದು ನಾನೇ ಮುಂದೆ ಹಾಕಿಸಿದ್ದೇನೆ.

“ಯಾಕೆ ಮುಂದೆ ಹಾಕ್ಸಿದ್ದು?” ಕೇಳಿದಳು.

“ನಿನ್ನ ನೋಡಿ ಹೆದರಿಕೆ ಆಯ್ತು.”

“ನಂಗಾಗಿದ್ದು ನಿಂಗೂ ಆಗ್ಬೇಕು ಅಂತ ಎಲ್ಲಿದೆ? ನಾಕು ತಿಂಗ್ಳು ನಾನು ಮನುಷ್ಯಳ ಹಂಗೆ ಓಡಾಡ್ದೆ ಚೇತನಾ.”

9-4-2007

ಸೀತಕ್ಕ ಹೋದಳು.

11-4-2007

ಆ ದಿನದ್ದು ಬರೆದಿಡುತ್ತೇನೆ.

ಸೋಮವಾರ. ಇಬ್ಬರೂ ಅಕ್ಕಪಕ್ಕ. ಬಾಯಾರಿಕೆ ಎಂದಳು. ಸಿಸ್ಟರ್ ಒಂದು ಗುಟುಕು ಕೊಟ್ಟರು. ನನ್ನ ಕಡೆ ತಿರುಗಿ, “ಮನೇಲಿ ಅವ್ರು ಊಟ…” ಅಂದಳು. ಅಷ್ಟೇ. ಕಣ್ಣು ನನ್ನನ್ನೇ ನೋಡುತ್ತಿತ್ತು, ನೋಡುತ್ತಿರಲಿಲ್ಲ. ಕೂಗಿದೆ. ಎದೆ ಒತ್ತಿದರು, ಶಾಕ್ ಕೊಟ್ಟರು. ನಡುವೆ ಪರದೆ ಎಳೆದರು. ನನ್ನ ರಕ್ತ ಮೆಷಿನ್ನಿನಲ್ಲಿ ಸುತ್ತುತ್ತಲೇ ಇತ್ತು. ಏಳುವ ಹಾಗಿರಲಿಲ್ಲ.

30-4-2007

ಇವತ್ತು ಡಾಕ್ಟರನ್ನು ಕೇಳಿಯೇಬಿಟ್ಟೆ. “ಎರಡರಲ್ಲಿ ಯಾವುದು ಒಳ್ಳೇದು ಸರ್?”

“ಮೊದಲಿನ ಒಂದೆರಡು ವರ್ಷ ಬದುಕೋ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದೇ. ಚೀಲದಲ್ಲಿ ಸೋಂಕಿನ ಭಯ, ಮೆಷಿನ್ನಲ್ಲಿ ಹೃದಯಕ್ಕೆ ಭಾರ. ಪಾಪ, ನಿಮ್ಮ ಗೆಳತಿಗೆ ಎರಡೂ ಬಂತು. ನಿಮಗೆ ಹೇಗೆ ಬದುಕ್ಬೇಕು ಅನ್ಸುತ್ತೆ, ಅದು ಹೇಳಿ.”

ಮನುಷ್ಯಳ ಹಾಗೆ, ಎಂದೆ. ಟ್ಯೂಬಿಗೆ ಹೆಸರು ಬರೆದುಕೊಂಡರು.

ಪಕ್ಕದ ಮಂಚಕ್ಕೆ ಬೇರೆ ಯಾರೋ ಬಂದಿದ್ದಾರೆ.

3-6-2007, ಭಾನುವಾರ

ಆಸ್ಪತ್ರೆಯಲ್ಲಿ ಕಲಿಸಿ ಕಳಿಸಿದ್ದಾರೆ. ಮನೆಯಲ್ಲಿ ಮೊದಲನೆಯದು ಇವತ್ತು. ಇವರು ಚೀಟಿಯಲ್ಲಿ ಬರೆದುಕೊಂಡದ್ದನ್ನು ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದರು.

ಬಾಗಿಲಲ್ಲಿ ಪುಟ್ಟಪ್ಪಣ್ಣ. ನಾವು ಕರೆದಿರಲಿಲ್ಲ. ಹೇಗೆ ಕರೆಯುವುದು? ಆಸ್ಪತ್ರೆಯ ಸಿಸ್ಟರ್ ಹೇಳಿ ಗೊತ್ತಾಗಿ ಮೊದಲ ಬಸ್ಸಿಗೆ ಬಂದರಂತೆ. ಕಾಫಿ ಬೇಡ ಅಂದರು. ಕಿಟಕಿಗಳನ್ನು ತಾವೇ ಮುಚ್ಚಿದರು. ಚೀಲ ತೂಗುಹಾಕಿ, ನನಗೆ ಬೆನ್ನು ಹಾಕಿ ನಿಂತು ಕೇಳಿದರು —

“ಕೈ ತೊಳ್ಕಂಡ್ಯಾ ಸೀತೆ?”

ಇವರು ನನ್ನ ಮುಖ ನೋಡಿದರು. ಪುಟ್ಟಪ್ಪಣ್ಣನಿಗೆ ಗೊತ್ತೇ ಆಗಿರಲಿಲ್ಲ.

ತೊಳ್ಕಂಡೆ, ಅಂದೆ. ಅವರು ತಿರುಗಿದರು, ಆಗ ನನ್ನ ಮುಖ ಕಂಡು, ಕರೆದ ಹೆಸರು ನೆನಪಾಗಿ, ಸೋಪು ತೆಗೆದುಕೊಂಡು ಮತ್ತೊಮ್ಮೆ ತಮ್ಮ ಕೈ ತೊಳೆಯಲು ಹೋದರು.