ತೊಳೆದ ಜಲ್ಲಿಯ ವರದಿ, ತೊಳೆಯದ ಜಲ್ಲಿಯ ಸೂರು

ಮಾನ್ಯ ಕಟ್ಟಡ ಸುರಕ್ಷತಾ ಅಧಿಕಾರಿಗಳೇ,

ಸಾರ್ವಜನಿಕ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ಸೂರು ಬಿರುಕು ಬಿಡುತ್ತಿದೆಯೆಂದು ತಮಗೆ ಮೂರು ಬಾರಿ ದೂರು ಕೊಟ್ಟೆ. ಮೂರು ಬಾರಿಯೂ ತಮ್ಮ ಕಚೇರಿಯಿಂದ ಬಂದ ಉತ್ತರ ಒಂದೇ: 'ಸದರಿ ಕಟ್ಟಡದ ಕಾಂಕ್ರೀಟು ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ, ವರದಿಯ ಪ್ರತಿ ಲಗತ್ತಿಸಿದೆ.' ಆ ಪ್ರತಿಯನ್ನು ನಾನು ಓದಬೇಕಾದ ಅಗತ್ಯವಿರಲಿಲ್ಲ. ಅದನ್ನು ಬರೆದವನು ನಾನೇ. ಅಡಿಯಲ್ಲಿರುವ ಸಹಿಯೂ ನನ್ನದೇ. ದೂರುದಾರನ ಬಾಯಿಯನ್ನು ದೂರುದಾರನ ಕೈಯಿಂದಲೇ ಮುಚ್ಚಿಸಿದ ಚಾತುರ್ಯಕ್ಕೆ ತಮ್ಮನ್ನು ಅಭಿನಂದಿಸಲೋ, ಅಂಥ ಕೈಯನ್ನು ತಮಗೆ ಒದಗಿಸಿದ್ದಕ್ಕೆ ನನ್ನನ್ನು ನಾನೇ ಶಪಿಸಿಕೊಳ್ಳಲೋ ತಿಳಿಯದೆ, ಎಲ್ಲರೂ ಓದುವಂತೆ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೂವತ್ತೊಂದು ವರ್ಷ ನಾನು ಕಟ್ಟಡ ಸಾಮಗ್ರಿಗಳ ಪ್ರಯೋಗಾಲಯದಲ್ಲಿ ಪರೀಕ್ಷಕನಾಗಿದ್ದೆ. ಗೇಣಿಗಿಂತ ಕೊಂಚ ಕಿರಿದಾದ ಕಾಂಕ್ರೀಟಿನ ಘನಗಳನ್ನು ಎರಕ ಹೊಯ್ದು, ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿಟ್ಟು, ಯಂತ್ರದ ದವಡೆಗೆ ಕೊಟ್ಟು, ಎಷ್ಟು ಭಾರಕ್ಕೆ ಒಡೆದವೆಂದು ಬರೆದಿಡುವುದು ನನ್ನ ವೃತ್ತಿ. ಬೆಳಗಿನ ಪ್ರಾರ್ಥನೆ ಮುಗಿಸದೆ ಆ ಯಂತ್ರವನ್ನು ಮುಟ್ಟಿದವನಲ್ಲ. ಶುಚಿತ್ವವೇ ಸತ್ಯದ ಮೊದಲ ಮೆಟ್ಟಿಲೆಂದು ನಂಬಿದ್ದೆ. ಬಂದ ಜಲ್ಲಿಯನ್ನು ತೊಳೆದು, ಒರೆಸಿ, ಆಮೇಲೆಯೇ ಎರಕಕ್ಕೆ ಬಳಸುವುದು ನಮ್ಮಲ್ಲಿ ಪದ್ಧತಿ. ದೂಳು ಹಿಡಿದ ಕಲ್ಲಿಗೆ ಸಿಮೆಂಟು ಸರಿಯಾಗಿ ಅಂಟದು. ಬಂಡೆಯೊಡೆದು ತಂದ ಜಲ್ಲಿಯ ಮಟ್ಟಿಗೆ ಈ ಪದ್ಧತಿಯಿಂದ ಯಾರಿಗೂ ಕೇಡಾಗಲಿಲ್ಲ.

ಏಳು ವರ್ಷದ ಹಿಂದೆ ಆಸ್ಪತ್ರೆಗೆ ಹೊಸ ವಿಭಾಗ ಕಟ್ಟಲು ಹೊರಟಾಗ, ಕೆಡವಿದ ಕಟ್ಟಡಗಳ ಅವಶೇಷವನ್ನೇ ಪುಡಿಮಾಡಿ ಜಲ್ಲಿಯಾಗಿ ಬಳಸುವುದೆಂದು ನಿರ್ಧಾರವಾಯಿತು. ಅದನ್ನು ನಾನು ಅಂದೂ ಹಳಿಯಲಿಲ್ಲ, ಇಂದೂ ಹಳಿಯುವುದಿಲ್ಲ. ಬಿದ್ದ ಗೋಡೆಗೆ ಮರುಜನ್ಮ ಕೊಡುವುದು, ಬೆಟ್ಟದ ಒಡಲು ಬಗೆಯುವುದಕ್ಕಿಂತ ಪುಣ್ಯದ ಕೆಲಸ. ಮಾದರಿಗೆಂದು ಹತ್ತು ಚೀಲ ಬಂದವು. ತೆರೆದು ನೋಡಿದರೆ ಜಲ್ಲಿಯ ಜೊತೆಗೆ ಇಟ್ಟಿಗೆ ಚೂರು, ಗಾರೆಯ ಹೆಕ್ಕಳ, ಗಾಜು, ಮರದ ಸಿಬಿರು. ನನ್ನ ಮನಸ್ಸು ಹೇಸಿತು. ಮೂರು ದಿನ ಕುಳಿತು ಅದನ್ನೆಲ್ಲ ಕೈಯಾರೆ ಆರಿಸಿ ತೆಗೆದೆ. ಉಳಿದುದನ್ನು ನೀರು ತಿಳಿಯಾಗುವವರೆಗೆ ತೊಳೆದೆ. ಹತ್ತು ಚೀಲದಲ್ಲಿ ನಾಲ್ಕು ಚೀಲ ಉಳಿಯಿತು.

ಪ್ರಯೋಗಾಲಯದ ಸಹಾಯಕಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಸಾರ್, ಇದು ಕಾಂಕ್ರೀಟಿಗೋ, ಮದುವೆ ಅಡುಗೆಗೋ?"

"ಕೊಳೆ ಇಟ್ಕೊಂಡು ಪರೀಕ್ಷೆ ಮಾಡೋಕಾಗುತ್ತೇನಮ್ಮ?" ಎಂದೆ.

"ನಾವೇನೋ ತೊಳೀತೀವಿ. ಅಲ್ಲಿ ಲಾರಿಗಟ್ಲೆ ಬಂದು ಬೀಳುತ್ತಲ್ಲ, ಅದನ್ನ ಯಾರು ಕೂತ್ಕೊಂಡು ಆರಿಸ್ತಾರೆ?"

"ಅದು ಅವರ ಧರ್ಮ. ನಮ್ಮದು ನಮಗೆ."

ಎಂಥ ಗಂಭೀರ ವಾಕ್ಯ! ಅದನ್ನು ನುಡಿದ ನಾಲಿಗೆಯ ಬಗ್ಗೆ ಇಂದು ನನಗೆ ನಾಚಿಕೆಯಾಗುತ್ತದೆ. ನಾನು ಪರೀಕ್ಷಿಸಬೇಕಾಗಿದ್ದುದು ಆ ಕೊಳೆಯನ್ನೇ ಅಲ್ಲವೇ? ಸೂರಿಗೆ ಹೋಗುವುದು ಅದೇ ಅಲ್ಲವೇ? ರೋಗಿಯ ರಕ್ತವನ್ನು ಶುದ್ಧಿಮಾಡಿ, ಆಮೇಲೆ ಪರೀಕ್ಷಿಸಿ, 'ರೋಗವಿಲ್ಲ' ಎಂದು ಬರೆದುಕೊಡುವ ವೈದ್ಯನಿಗೂ ನನಗೂ ಏನು ವ್ಯತ್ಯಾಸ?

ಆಕೆ ಸುಮ್ಮನಿರಲಿಲ್ಲ. ನಾನು ಎಸೆದ ಆರು ಚೀಲದ ಕಸದಲ್ಲಿ ಒಂದಿಷ್ಟನ್ನೂ, ನಾನು ತೊಳೆಯುವ ಮೊದಲೇ ತೆಗೆದಿಟ್ಟುಕೊಂಡಿದ್ದ ಜಲ್ಲಿಯನ್ನೂ ಬಂದ ಪ್ರಮಾಣದಲ್ಲೇ ಬೆರೆಸಿ, ಉಕ್ಕಿನ ಬಳೆಯೊಂದರ ಸುತ್ತ ಕಾಂಕ್ರೀಟು ಹೊಯ್ದಳು. ಇಟ್ಟಿಗೆಯೂ ಹಳೆಯ ಗಾರೆಯೂ ನೀರು ಕುಡಿಯುತ್ತವೆ. ಅಂಥ ಕಾಂಕ್ರೀಟು ಒಣಗುವಾಗ ಹೆಚ್ಚು ಕುಗ್ಗುತ್ತದೆ. ಒಳಗಿನ ಉಕ್ಕು ಕುಗ್ಗಗೊಡದಿದ್ದರೆ ಸೀಳುತ್ತದೆ. ಸೂರನ್ನು ತೊಲೆಗಳು ಹಿಡಿದಿರುವಾಗ ನಡೆಯುವುದೂ ಇದೇ. ಹನ್ನೊಂದನೆಯ ದಿನ ಆಕೆ ನನ್ನನ್ನು ಕರೆದು ತೋರಿಸಿದಳು. ಅಂಚಿನಿಂದ ಅಂಚಿಗೆ ಒಂದು ಗೀರು. ಉಗುರು ಹಾಯಿಸಿದರೆ ತಡೆಯುವಷ್ಟು.

"ಇದನ್ನ ಎಲ್ಲಿ ಬರೀತೀರಿ ಸಾರ್?"

"ಎಲ್ಲೂ ಇಲ್ಲ. ನಮೂನೆಯಲ್ಲಿ ಬಿರುಕಿಗೆ ಅಂಕಣವೇ ಇಲ್ಲ. ಅವರು ಕೇಳಿದ್ದು ಬಲ ಎಷ್ಟು ಅಂತ."

"ಕೇಳದೇ ಇದ್ರೆ ಹೇಳ್ಬಾರ್ದಾ?"

ಒಳಗೆ ಹೋದೆ. ಇಪ್ಪತ್ತೆಂಟು ದಿನ ತುಂಬಿದಾಗ, ಚದರ ಮಿಲಿಮೀಟರಿಗೆ ಇಪ್ಪತ್ತೈದು ನ್ಯೂಟನ್ ಇರಬೇಕಾದ ಬಲ ನನ್ನ ಘನಗಳಲ್ಲಿ ಮೂವತ್ತೊಂದು ಬಂದಿತು. 'ತೃಪ್ತಿಕರ' ಎಂದು ದುಂಡಗೆ ಬರೆದೆ. ಜಲ್ಲಿಯನ್ನು ಆರಿಸಿ ತೊಳೆದೆನೆಂಬ ಒಂದು ಸಾಲು ಬರೆಯಲಿಲ್ಲ. ಯಾರೂ ನನಗೆ ಆಮಿಷ ಒಡ್ಡಲಿಲ್ಲ, ಬೆದರಿಸಲಿಲ್ಲ. ಅಂಥ ನೆಪವಾದರೂ ಇದ್ದಿದ್ದರೆ ದೇವರ ಮುಂದೆ ಕುಳಿತಾಗ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು.

ನನ್ನ ತಂಗಿಯ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಯಿತು. ವಾರಕ್ಕೆ ಮೂರು ದಿನ ಆಕೆ ಅದೇ ಸೂರಿನಡಿ ನಾಲ್ಕು ಗಂಟೆ ಮಲಗಬೇಕು. ಬಿರುಕಿನ ಸುದ್ದಿ ಮೊದಲು ತಂದವಳು ಆಕೆಯೇ.

"ಅಣ್ಣಾ, ಅಲ್ಲಿ ಮಲಗಿದ್ರೆ ನೋಡೋಕೆ ಇನ್ನೇನಿದೆ ಹೇಳು? ಮೇಲಿನ ಬಿರುಕೇ ನನ್ನ ಸಿನಿಮಾ. ಹೋದ ತಿಂಗಳು ದೀಪದ ಹತ್ರ ಇತ್ತು, ಈಗ ಫ್ಯಾನ್ ದಾಟಿದೆ. ನನಗಿಂತ ಅದೇ ಚೆನ್ನಾಗಿ ನಡೀತಿದೆ!"

ಮರುದಿನ ಆಕೆಯೊಡನೆ ಹೋಗಿ ತಲೆಯೆತ್ತಿ ನೋಡಿದೆ. ಬಿರುಕಿನ ಗುಂಟ ತುಕ್ಕಿನ ಬಣ್ಣ ಇಳಿದಿತ್ತು. ಒಳಗಿನ ಕಬ್ಬಿಣಕ್ಕೆ ನೀರು ತಾಗಿದೆ ಎಂದರ್ಥ. ಆಕೆಯ ದಿಂಬಿನ ಪಕ್ಕ ಅಂಗೈಯಷ್ಟು ಗಾರೆಯ ಪದರ ಬಿದ್ದಿತ್ತು. ದಾದಿಯೊಬ್ಬಳು ಅದನ್ನು ಗುಡಿಸಿ ಹಾಕಿ, "ದಿನಾ ಇದ್ದದ್ದೇ" ಎಂದಳು.

ತಮ್ಮ ಕಚೇರಿಗೆ ಓಡಿ ಬಂದೆ. ಗುಮಾಸ್ತರು ಕಡತ ತಿರುವಿ ಹಾಕಿ, "ಅಜ್ಜಾ, ಸುಮ್ನೆ ಹೆದರ್ಕೋಬೇಡಿ. ಇಲ್ಲಿ ಸಹಿ ಹಾಕಿರೋರು ಬಹಳ ಕಟ್ಟುನಿಟ್ಟಿನ ಮನುಷ್ಯ ಅಂತೆ," ಎಂದರು.

"ಅದು ನಾನೇಪ್ಪ. ನಾನೇ ತಪ್ಪು ಮಾಡಿದ್ದೀನಿ ಅಂತ ಹೇಳೋಕೆ ಬಂದಿದ್ದೀನಿ."

ಅವರು ಒಂದು ಗಳಿಗೆ ನನ್ನ ಮುಖ ನೋಡಿ, "ತಪ್ಪಿಗೆ ಪ್ರತ್ಯೇಕ ಅರ್ಜಿ ಕೊಡಬೇಕಾಗುತ್ತೆ," ಎಂದರು.

ಕೊಟ್ಟೆ. ಅದಕ್ಕೂ ಉತ್ತರವಾಗಿ ವರದಿಯ ಪ್ರತಿ ಬಂದಿತು.

ಮಾನ್ಯರೇ, ಎಲ್ಲ ಬಿರುಕೂ ಕುಸಿತದ ಮುನ್ಸೂಚನೆಯಲ್ಲವೆಂಬುದು ನನಗೆ ತಿಳಿದಿದೆ. ಆ ಸೂರು ನಾಳೆಯೇ ಬೀಳುವುದೆಂದು ಹೆದರಿಸುವುದಿಲ್ಲ. ಹಾಗೆ ಹೇಳಿದರೆ ಅದೂ ನನ್ನ ಹಳೆಯ ವರದಿಯಂತೆಯೇ ಪರೀಕ್ಷಿಸದೆ ಕೊಟ್ಟ ತೀರ್ಪಾದೀತು. ಅದರಲ್ಲಿ ಎಷ್ಟು ಬಲ ಉಳಿದಿದೆಯೆಂದು ನನಗೂ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ಗೊತ್ತಿಲ್ಲದ ಸೂರಿನಡಿ ಹನ್ನೆರಡು ಮಂದಿಯನ್ನು ಯಂತ್ರಗಳಿಗೆ ಕಟ್ಟಿ ಮಲಗಿಸಿದ್ದೇವೆ. ಬೇರೆಯವರಾದರೆ ಸದ್ದು ಕೇಳಿದೊಡನೆ ಎದ್ದು ಓಡಿಯಾರು. ತೋಳಿನಲ್ಲಿ ಎರಡು ನಳಿಕೆ ಚುಚ್ಚಿಸಿಕೊಂಡವರು ಎಲ್ಲಿಗೆ ಓಡಬೇಕು?

ಕಳೆದ ಭಾನುವಾರ ತಂಗಿಗೆ ಎಲ್ಲವನ್ನೂ ಹೇಳಿದೆ.

"ಬಲ ಇದೆ ಅಂತ ಬರೆದೆಯಲ್ಲ. ಈಗ ಇಲ್ವಾ?"

"ಗೊತ್ತಿಲ್ಲಮ್ಮ."

"ಆ ಮಾತನ್ನ ಆವಾಗ್ಲೇ ಬರೀಬೇಕಿತ್ತು ಅಣ್ಣಾ."

ಬೇರೆ ಆಸ್ಪತ್ರೆಗೆ ಸೇರಿಸುತ್ತೇನೆ, ನಾಳೆಯಿಂದ ಅಲ್ಲಿಗೆ ಹೋಗುವುದು ಬೇಡ ಎಂದು ಅಂಗಲಾಚಿದೆ. ಆಕೆ ಬೇಡವೆಂದು ತಲೆಯಾಡಿಸಿದಳು.

"ನಾನು ಎದ್ದು ಹೋದ್ರೆ ಹಾಸಿಗೆ ಖಾಲಿ ಇಡ್ತಾರಾ? ಹೊರಗೆ ಸಾಲೇ ನಿಂತಿದೆ. ನನ್ನ ಜಾಗದಲ್ಲಿ ಯಾರ ತಂಗಿ ಮಲಗ್ಬೇಕು ಅಂತೀಯ?"

ಆದುದರಿಂದ ನಾನು ಬೇಡುತ್ತಿರುವುದು ನನ್ನ ತಂಗಿಯೊಬ್ಬಳಿಗಾಗಿ ಅಲ್ಲ. ಸೂರಿನಡಿ ಇಂದೇ ಆಸರೆ ಕಂಬಗಳನ್ನು ಕೊಡಿಸಿ. ಹನ್ನೆರಡು ಹಾಸಿಗೆಗಳನ್ನೂ ಯಂತ್ರಗಳನ್ನೂ ಹಳೆಯ ಕಟ್ಟಡದ ನೆಲ ಅಂತಸ್ತಿಗೆ ಸಾಗಿಸಿ. ಅಲ್ಲಿ ಎರಡು ಕೋಣೆಗಳು ಮುರಿದ ಮೇಜುಗಳನ್ನು ಕಾಯುತ್ತ ಬಿದ್ದಿವೆ. ಸೂರಿನಿಂದಲೇ ತುಂಡು ಕೊರೆದು ತೆಗೆಸಿ, ಅದು ಇದ್ದಂತೆಯೇ ಪರೀಕ್ಷಿಸಿ. ಎಷ್ಟು ಭಾರ ಹೊರುತ್ತದೆಂಬುದರ ಜೊತೆಗೆ ಬಿರುಕು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನೂ ಬರೆಸಿ. ಸಹಾಯಕಿಯನ್ನು ಕರೆದು ಕೇಳಿ, ಆಕೆ ಈಗಲೂ ಅಲ್ಲೇ ಕೆಲಸದಲ್ಲಿದ್ದಾಳೆ. ನನ್ನ ವರದಿಯನ್ನು ರದ್ದುಗೊಳಿಸಿ. ನನ್ನ ಮೇಲೆ ಯಾವ ಕ್ರಮ ಕೈಗೊಂಡರೂ ಎದುರಾಡುವುದಿಲ್ಲ. ಆದರೆ ಕ್ರಮದ ಕಡತ ಮುಗಿಯಲೆಂದು ಕಂಬಗಳನ್ನು ಕಾಯಿಸಬೇಡಿ.

ತಾವು ಬರುವವರೆಗೂ, ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ ನನ್ನನ್ನು ಹುಡುಕಬೇಕಾದರೆ ಮನೆಗೆ ಬರುವುದು ಬೇಡ.

ಇಂತಿ,
ಆರನೆಯ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ, ಅದೇ ಸೂರಿನಡಿ ಕುಳಿತಿರುವ
ಒಬ್ಬ ನಿವೃತ್ತ ಪರೀಕ್ಷಕ